ಕಲ್ಲಿನ ನೆತ್ತಿ

ಕಲ್ಲು ಬಿದ್ದದ್ದು ಬೆಳಗ್ಗೆ ಏಳೂಮುಕ್ಕಾಲಿಗೆ. ನನಗೆ ಸುದ್ದಿ ಬಂದದ್ದು ಎಂಟೂಕಾಲಿಗೆ. ನಡುವಿನ ಅರ್ಧ ಗಂಟೆ ಏನು ಮಾಡುತ್ತಿದ್ದೆ ಎಂಬುದು ಚೆನ್ನಾಗಿ ನೆನಪಿದೆ. ಹತ್ತು ಗಂಟೆಗೆ ಬರಲಿದ್ದ ಇಪ್ಪತ್ತೆರಡು ಜನರಿಗೆ ಹಂಚಲು ಭೂತಗನ್ನಡಿಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ಹಾಕುತ್ತಿದ್ದೆ, ಜೊತೆಗೆ ಹಿಂದಿನ ಸಲ ಒಂದನ್ನು ಜೇಬಿಗಿಳಿಸಿಕೊಂಡು ಹೋದವನಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಆ ಮೂಗನ್ನು ಹೊತ್ತುಕೊಂಡೇ ಮೂವತ್ತು ವರ್ಷ ನೌಕರಿ ಮಾಡಿದ್ದೇನೆ.

ನನ್ನ ಕೆಲಸ ಏನೆಂದು ಕೇಳಿದವರು ಮೊದಲು ನಗುತ್ತಾರೆ. ಹಳೆಯ ಕಟ್ಟಡಗಳನ್ನು ಕಾಪಾಡುವ ಕಚೇರಿಯಲ್ಲಿ ನಾನು ಕಲ್ಲು ಪರೀಕ್ಷಕಿ. ಗೋಡೆಯ ಕಲ್ಲಿನಲ್ಲಿ ಹುದುಗಿರುವ ಕಡಲ ಜೀವಿಗಳನ್ನು ಗುರುತಿಸಿ, ಆ ಕಲ್ಲು ಯಾವ ಗಣಿಯದು, ಯಾವ ಪದರದ್ದು ಎಂದು ಹೇಳುವುದು ನನ್ನ ಪಾಲಿನದು. ಸುಣ್ಣಕಲ್ಲು ಎಂದರೆ ಒಂದು ಕಾಲದ ಕಡಲ ತಳವೇ. ನಮ್ಮ ಊರಿನ ಬ್ಯಾಂಕು, ನ್ಯಾಯಾಲಯ, ಗ್ರಂಥಾಲಯ ಎಲ್ಲವೂ ಸತ್ತ ಚಿಪ್ಪುಗಳ ರಾಶಿ. ಸಾಲದ ಅರ್ಜಿ ಹಿಡಿದು ಬ್ಯಾಂಕಿನ ಕಂಬಕ್ಕೆ ಒರಗಿ ನಿಂತವನ ಬೆನ್ನಿಗೆ ಹದಿನೈದು ಕೋಟಿ ವರ್ಷದ ಹಿಂದಿನ ಮೃದ್ವಂಗಿಯೊಂದು ಅಂಟಿಕೊಂಡಿರುತ್ತದೆ, ಪಾಪ ಅವನಿಗೆ ಬಡ್ಡಿಯದೇ ಚಿಂತೆ. ಇಂಥ ಮಾತು ಹೇಳಿ ಜನರನ್ನು ನಗಿಸುತ್ತಾ ತಿಂಗಳಿಗೆರಡು ಸಲ ಕಟ್ಟಡ ತೋರಿಸುತ್ತಿದ್ದೆ. ಊರು ನನಗೆ ಚಿಪ್ಪಮ್ಮ ಎಂದು ಹೆಸರಿಟ್ಟಿತ್ತು. ಹೊರಗೆ ಸಿಡುಕಿದರೂ ಒಳಗೆ ಆ ಹೆಸರು ನನಗೆ ಇಷ್ಟವೇ ಆಗಿತ್ತು.

ಸುದ್ದಿ ಹೇಳಿದವನು ಗ್ರಂಥಾಲಯದ ಕಾವಲುಗಾರ. "ಮೇಡಂ, ಪಕ್ಕದ ಬಾಗಿಲ ಮೇಲಿನ ಕಲ್ಲು ಬಿತ್ತು. ಬೀಗದಕ್ಕ ಹೋಗ್ಬಿಟ್ಳು" ಅಂದ. ಎಲ್ಲಿಗೆ ಹೋದಳು ಎಂದು ಕೇಳಿದೆ ನಾನು. ಅಷ್ಟು ಮಂಕು ಕವಿದಿತ್ತು.

ಬೀಗದಕ್ಕ ಗ್ರಂಥಾಲಯ ಗುಡಿಸುವವಳು. ಸೊಂಟದಲ್ಲಿ ಇಪ್ಪತ್ತು ಬೀಗದ ಕೈಗಳ ಗೊಂಚಲು ಜೋಲಾಡುತ್ತಿದ್ದುದರಿಂದ ಆ ಹೆಸರು. ಪಕ್ಕದ ಬಾಗಿಲ ಮೇಲೆ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ದೊಡ್ಡ ಸುರುಳಿ ಚಿಪ್ಪಿದ್ದ ಕಲ್ಲೊಂದಿತ್ತು. ಪುಸ್ತಕಗಳಲ್ಲಿ ಅದಕ್ಕೆ ಅಮೋನೈಟ್ ಎನ್ನುತ್ತಾರೆ, ಅವಳು ಬಸವನಹುಳ ಎನ್ನುತ್ತಿದ್ದಳು. ತಟ್ಟೆಯಷ್ಟು ಅಗಲ, ಒಂದು ಸುತ್ತೂ ಮುಕ್ಕಾಗಿಲ್ಲ. ನಾನು ಕಟ್ಟಡ ತೋರಿಸುವುದು ಕೊನೆಗೊಳ್ಳುತ್ತಿದ್ದದ್ದು ಯಾವಾಗಲೂ ಅದರ ಕೆಳಗೆ. ಒಣಗಿದ ಸುಣ್ಣಕಲ್ಲು ಬೂದಿ ಬಣ್ಣಕ್ಕಿರುತ್ತದೆ, ಚಿಪ್ಪು ಸರಿಯಾಗಿ ಕಾಣುವುದಿಲ್ಲ. ನೀರು ತಾಗಿಸಿದರೆ ಸುರುಳಿ ಕಪ್ಪಗೆ ಎದ್ದು ಬರುತ್ತದೆ. ಈ ಉಪಾಯವನ್ನು ಅವಳಿಗೆ ಕಲಿಸಿದವಳು ನಾನು. ಜನ ಬರುವ ದಿನ ಸ್ಟೂಲು ಹತ್ತಿ, ಒದ್ದೆ ಬಟ್ಟೆಯಿಂದ ಕಲ್ಲು ಒರೆಸಿ ಇಡು ಅಂದಿದ್ದೆ. ಅವಳು ಜನ ಬರುವ ದಿನ, ಬಾರದ ದಿನ ಎಂದು ಲೆಕ್ಕ ಇಡಲಿಲ್ಲ. ಹಲವು ವರ್ಷ ದಿನವೂ ಒರೆಸಿದಳು.

ಅವತ್ತೂ ಒರೆಸುತ್ತಿದ್ದಳು.

ನಾನು ಹೋಗುವಷ್ಟರಲ್ಲಿ ಅವಳನ್ನು ಎತ್ತಿಕೊಂಡು ಹೋಗಿದ್ದರು. ಸ್ಟೂಲು ಅಡ್ಡಬಿದ್ದಿತ್ತು, ಬಕೆಟ್ಟು ನೆಟ್ಟಗೆ ನಿಂತಿತ್ತು, ಅರ್ಧ ನೀರು ಹಾಗೇ ಇತ್ತು. ಕಲ್ಲಿನ ಮುಂದಿನ ಪದರ, ನಾಲ್ಕು ಬೆರಳು ದಪ್ಪದ್ದು, ನೂರು ಕಿಲೋಗೆ ಕಮ್ಮಿಯಿಲ್ಲದ್ದು, ಗೋಡೆಯಿಂದ ಕಳಚಿ ಬಿದ್ದು ಮೂರು ಹೋಳಾಗಿತ್ತು. ಹಿಂದಿನ ಅರ್ಧ ಗೋಡೆಯಲ್ಲೇ ಉಳಿದಿತ್ತು. ಕಳಚಿದ ಜಾಗದಲ್ಲಿ ಹಸಿರು ಬೂದಿ ಬಣ್ಣದ ಜೇಡಿಯ ತೆಳು ಪೊರೆ, ಮುಟ್ಟಿದರೆ ಒದ್ದೆ. ನಾನು ಬೆರಳಿಟ್ಟು ನೋಡಿದೆ, ಬೆರಳು ಜಾರಿತು. ಅಷ್ಟೇ ಸಾಕಾಯಿತು ನನಗೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಏನು ಗೊತ್ತಾಯಿತು ಎಂದು ಹೇಳಬೇಕಾದರೆ ನಮ್ಮಪ್ಪನಿಂದ ಶುರು ಮಾಡಬೇಕು. ಅಪ್ಪ ಗಣಿಯಲ್ಲಿ ಕಲ್ಲು ಸೀಳುತ್ತಿದ್ದವನು. ಕಡಲ ತಳದಲ್ಲಿ ಕೆಸರು ಪದರ ಪದರವಾಗಿ ಕೂತು ಕಲ್ಲಾಗುತ್ತದೆ, ಸತ್ತ ಚಿಪ್ಪುಗಳು ಆ ಪದರಗಳ ನಡುವೆ ಚಪ್ಪಟೆಯಾಗಿ ಮಲಗಿರುತ್ತವೆ. ಗಣಿಯಿಂದ ಕಲ್ಲು ಎಬ್ಬಿಸುವ ಮೊದಲೇ ಅದರ ಮೇಲ್ಮೈಗೆ ಅಪ್ಪ ಉಳಿಯಿಂದ ಒಂದು ಕೂಡು ಚಿಹ್ನೆ ಕೆತ್ತುತ್ತಿದ್ದ. ಅದಕ್ಕೆ ನೆತ್ತಿ ಗುರುತು ಎನ್ನುತ್ತಾರೆ. ಈ ಕಲ್ಲಿನ ನೆತ್ತಿ ಇದು, ಗೋಡೆಯಲ್ಲೂ ಇದೇ ಮೇಲಿರಬೇಕು ಎಂದು ಮೇಸ್ತ್ರಿಗೆ ಹೇಳುವ ಮಾತು. ಮಲಗಿದ್ದ ಹಾಗೆಯೇ ಮಲಗಿಸಿದರೆ ಮೇಲಿನ ಭಾರವೇ ಪದರಗಳನ್ನು ಒತ್ತಿ ಹಿಡಿದಿರುತ್ತದೆ. ಎಬ್ಬಿಸಿ ಅಂಚಿನ ಮೇಲೆ ನಿಲ್ಲಿಸಿದರೆ, ನೀರು ಪದರಗಳ ಸಂದಿಗೆ ಇಳಿದು, ಒಂದು ದಿನ ಪುಸ್ತಕದ ರಟ್ಟು ಕಿತ್ತ ಹಾಗೆ ಮುಂಭಾಗ ಕಿತ್ತು ಬರುತ್ತದೆ. "ಮಲಗಿದವರನ್ನ ಎಬ್ಬಿಸಿ ನಿಲ್ಲಿಸಬಾರದು, ಶಾಪ ತಟ್ಟುತ್ತೆ" ಎನ್ನುತ್ತಿದ್ದ ಅಪ್ಪ. ನಾನೂ ಅಣ್ಣನೂ ಅಕ್ಷರಕ್ಕೆ ಮೊದಲು ಕಲಿತದ್ದು ಇದನ್ನು. ನಾನು ಆಮೇಲೆ ಕಾಲೇಜಿಗೆ ಹೋಗಿ ಚಿಪ್ಪುಗಳ ಹೆಸರು ಬಾಯಿಪಾಠ ಮಾಡಿದೆ. ಅಣ್ಣ ಉಳಿ ಹಿಡಿದು ಮೇಸ್ತ್ರಿಯಾದ. ದೊಡ್ಡ ಮೇಸ್ತ್ರಿ ಬಂದ ಎಂದರೆ ಕಲ್ಲಿನ ಕೆಲಸದವರೆಲ್ಲ ಎದ್ದು ನಿಲ್ಲುತ್ತಾರೆ. ನಿಲ್ಲುತ್ತಿದ್ದರು.

ಆದರೆ ಒಂದು ತೊಡಕಿದೆ. ಸರಿಯಾಗಿ ಮಲಗಿಸಿದ ಕಲ್ಲಿನಲ್ಲಿ ಸುರುಳಿ ಕಾಣುವುದಿಲ್ಲ. ಮುಚ್ಚಿದ ಪುಸ್ತಕದ ಅಂಚು ಕಂಡ ಹಾಗೆ ಚಿಪ್ಪಿನ ಅಂಚು ಮಾತ್ರ ಕಾಣುತ್ತದೆ, ಒಂದು ಕಪ್ಪು ಗೆರೆ. ಸುರುಳಿ ಪೂರ್ತಿ ಕಾಣಬೇಕಾದರೆ ಕಲ್ಲನ್ನು ಎಬ್ಬಿಸಿ ನಿಲ್ಲಿಸಲೇಬೇಕು.

ಹನ್ನೊಂದು ವರ್ಷದ ಹಿಂದೆ ಗ್ರಂಥಾಲಯದ ಆ ಮಗ್ಗುಲಲ್ಲಿ ಹದಿನೆಂಟು ಕಲ್ಲು ಸವೆದಿದ್ದವು. ಅವನ್ನು ತೆಗೆದು ಹೊಸ ಗಣಿಯ ಕಲ್ಲು ಕೂರಿಸುವ ಕೆಲಸ ಅಣ್ಣನದು, ಕಲ್ಲು ಆರಿಸುವ ಕೆಲಸ ನನ್ನದು. ಹದಿನೇಳು ಕಲ್ಲು ಜಗಳವಿಲ್ಲದೆ ಕೂತವು. ಹದಿನೆಂಟನೆಯದನ್ನು ಸೀಳಿದಾಗ ಆ ಸುರುಳಿ ಕಂಡಿತು.

"ಅಣ್ಣಾ, ಇದನ್ನ ಕಾಣೋ ಹಾಗೆ ಇಡು" ಅಂದೆ.

ಅವನು ನಗುತ್ತಾ, "ಓದಿ ಓದಿ ಮರುಳಾದೆಯಾ? ಎಬ್ಬಿಸಿ ನಿಲ್ಲಿಸು ಅಂತೀಯಾ?" ಅಂದ.

"ಒಂದೇ ಒಂದು ಕಲ್ಲು. ಮೇಲೆ ಸಜ್ಜಾ ಇದೆ, ಮಳೆ ಹೊಡೆಯಲ್ಲ. ಏನಾಗುತ್ತೆ?"

"ಪದರದಲ್ಲಿ ಜೇಡಿ ಇದೆ ನೋಡು."

"ನೀನು ಬಿಡು, ನಿನಗೆ ಕಲ್ಲು ಅಂದ್ರೆ ಬರೀ ಭಾರ. ನೂರಾರು ಜನ ಬಂದು ನೋಡ್ತಾರೆ ಇದನ್ನ."

ಇನ್ನೂ ಏನೇನೋ ಅಂದೆ. ಕೊನೆಗೆ, ನಾನು ಈ ಕಚೇರಿಯ ಪರೀಕ್ಷಕಿ, ನೀನು ಮೇಸ್ತ್ರಿ ಎಂಬ ಮಾತೂ ಬಂದುಹೋಯಿತು. ಆಳುಗಳ ಮುಂದೆ ಅಲ್ಲ, ಅಷ್ಟರಮಟ್ಟಿಗೆ ಪುಣ್ಯ. ಊಟದ ಹೊತ್ತು, ನಾವಿಬ್ಬರೇ ಇದ್ದೆವು. ಅಣ್ಣ ಸ್ವಲ್ಪ ಹೊತ್ತು ಕಲ್ಲನ್ನೇ ನೋಡಿದ. "ಆಯ್ತು ಮರಿ, ನಿನ್ನಿಷ್ಟ" ಅಂದ. ಅಲ್ಲಿಗೆ ನಾನು ಗೆದ್ದೆ.

ಆಮೇಲಿನ ವರ್ಷಗಳಲ್ಲಿ ಅದು ಹೊಸ ಕಲ್ಲು ಎಂಬುದನ್ನು ಯಾರಿಗೂ ಹೇಳಲಿಲ್ಲ. ನೋಡಲು ಬಂದವರು ಅದನ್ನು ಕಟ್ಟಡದಷ್ಟೇ ಹಳೆಯದು ಅಂದುಕೊಂಡರು, ನಾನೂ ತಿದ್ದಲಿಲ್ಲ. ಕಚೇರಿಯ ಕಿರುಹೊತ್ತಿಗೆಯ ಮುಖಪುಟದಲ್ಲಿ ಆ ಸುರುಳಿಯ ಚಿತ್ರವಿದೆ. ಒಳಪುಟದಲ್ಲಿ ನನ್ನ ಹೆಸರಿದೆ.

ವಿಚಾರಣೆ ಹೊತ್ತ ಇಂಜಿನಿಯರ್ ಎರಡು ವರ್ಷದ ಹಿಂದೆ ನಮ್ಮ ಕಚೇರಿಗೆ ಬಂದವನು, ನನಗಿಂತ ಹದಿನೈದು ವರ್ಷ ಚಿಕ್ಕವನು. ಕೆಟ್ಟವನಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿ. ಮಧ್ಯಾಹ್ನ ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿಕೊಂಡ.

"ಮೇಡಂ, ದೊಡ್ಡ ಮೇಸ್ತ್ರಿ ನಿಮ್ಮಣ್ಣ ಅಂತ ನನಗೆ ಗೊತ್ತು. ಆದ್ರೂ ಚಿಪ್ಪು ಓದೋರು ಬೇರೆ ಯಾರಿದ್ದಾರೆ ಹೇಳಿ? ಹದಿನೆಂಟು ಕಲ್ಲು ಬದಲಾಯಿಸಿದ್ದೀವಿ ಅಂತ ಹಳೇ ಕಡತದಲ್ಲಿದೆ, ಯಾವ್ಯಾವ್ದು ಅಂತಿಲ್ಲ. ಬಿದ್ದಿದ್ದು ಹಳೇ ಕಲ್ಲೋ ಹೊಸ ಕಲ್ಲೋ, ಅಷ್ಟು ಬರೆದುಕೊಡಿ. ನಾಲ್ಕು ದಿನ ಟೈಮಿದೆ."

"ಹಳೇದಾದ್ರೆ?"

"ಹಳೇದಾದ್ರೆ ಕಾಲ. ಕಾಲಕ್ಕೆ ಯಾರು ಏನು ಮಾಡೋಕಾಗುತ್ತೆ?" ಅವನು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ. "ಹೊಸದಾದ್ರೆ ಇಟ್ಟವನ ತಲೆಗೆ ಬರುತ್ತೆ. ಪೊಲೀಸು, ಕೋರ್ಟು. ಇನ್ನೊಂದು ವಿಷಯ. ಅಪಾಯ ಅಂತ ಉಳಿದ ತುಂಡನ್ನೂ ಅಕ್ಕಪಕ್ಕದ ಎರಡು ಕಲ್ಲನ್ನೂ ಬಿಚ್ಚಿಸಿದ್ದೀನಿ. ಅಕ್ಕಪಕ್ಕದ್ದಕ್ಕೆ ನಿಮ್ಮಣ್ಣನ ಗುರುತಿದೆ. ಬಿದ್ದಿದ್ದಕ್ಕಿಲ್ಲ. ನನ್ನ ಕೇಳಿದ್ರೆ ಅದು ಹಳೇದೇ ಅನ್ಸುತ್ತೆ. ನೀವು ನೋಡಿ."

ಕಲ್ಲುಗಳನ್ನು ಗ್ರಂಥಾಲಯದ ಹಿಂದಿನ ಶೆಡ್ಡಿನಲ್ಲಿ ಹಲಗೆಗಳ ಮೇಲೆ ಮಲಗಿಸಿದ್ದರು. ಅಣ್ಣ ತಾನು ಕೂರಿಸುವ ಪ್ರತಿ ಕಲ್ಲಿನ ಮಗ್ಗುಲಲ್ಲಿ, ಪಕ್ಕದ ಕಲ್ಲಿಗೆ ತಾಗಿ ಯಾರಿಗೂ ಕಾಣದ ಕಡೆ, ಕಾಗೆ ಕಾಲಿನಂಥ ಮೂರು ಗೀರು ಕೆತ್ತುತ್ತಾನೆ. ಯಾರೂ ನೋಡದ ಜಾಗಕ್ಕೆ ಯಾಕಣ್ಣ ಎಂದು ಒಮ್ಮೆ ಕೇಳಿದ್ದೆ. "ನಾನು ನೋಡಿದೀನಲ್ಲ" ಅಂದಿದ್ದ.

ಅಕ್ಕಪಕ್ಕದ ಎರಡೂ ಕಲ್ಲಿನ ಮಗ್ಗುಲಲ್ಲಿ ಕಾಗೆ ಕಾಲಿತ್ತು. ಸುರುಳಿ ಕಲ್ಲಿನ ನಾಲ್ಕು ಮಗ್ಗುಲೂ ಹುಡುಕಿದೆ. ಟಾರ್ಚು ಬಿಟ್ಟು, ಮಸೂರ ಹಿಡಿದು, ಕೊನೆಗೆ ಕಣ್ಣು ಮುಚ್ಚಿ ಬೆರಳಿನಿಂದ. ಏನೂ ಇರಲಿಲ್ಲ. ಗೋಡೆಯೊಳಗೆ ಮುಖ ಮಾಡಿದ್ದ ಬೆನ್ನ ಮೇಲೆ ಮಾತ್ರ ಹೊಸ ಗಣಿಯವರು ಕೆತ್ತಿದ ನೆತ್ತಿ ಗುರುತು ಅಚ್ಚುಕಟ್ಟಾಗಿ ಕೂತಿತ್ತು. ನೆತ್ತಿ ಬೆನ್ನಿಗೆ ಹೋಗಿದೆ. ಇಂಜಿನಿಯರಿಗೆ ಅದು ಬರೀ ಉಳಿ ತಾಗಿದ ಗೀಚು.

ಅಣ್ಣ ತನ್ನ ಜೀವಮಾನದಲ್ಲಿ ಗುರುತು ಹಾಕದೆ ಬಿಟ್ಟದ್ದು ಈ ಒಂದು ಕಲ್ಲಿಗೆ. ನನ್ನ ಮಾತಿಗೆ ಕಟ್ಟುಬಿದ್ದು ಕೂರಿಸಿದ, ಆದರೆ ನನ್ನದು ಅನ್ನಲಿಲ್ಲ. ನನಗೂ ಹೇಳಲಿಲ್ಲ. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಶೆಡ್ಡಿನ ಬಾಗಿಲು ಹಾಕಿಕೊಂಡೆ. ಆಮೇಲೆ ಅಭ್ಯಾಸಬಲದಿಂದ ಬಾಟಲಿಯ ನೀರನ್ನು ಹೋಳುಗಳ ಮೇಲೆ ಚಿಮುಕಿಸಿದೆ. ಸುರುಳಿ ಕಪ್ಪಗೆ, ಚಂದವಾಗಿ ಎದ್ದು ಬಂತು. ಬಾಟಲಿಯನ್ನು ಗೋಡೆಗೆ ಎಸೆದೆ.

ಒಂದು ಮಾತು ಸ್ಪಷ್ಟವಿರಲಿ. ಹಳೆಯ ಗಣಿಯ ಕಲ್ಲಿನಲ್ಲಿ ಚಿಪ್ಪಿನ ಚೂರುಗಳು, ಅಂಗಿ ಗುಂಡಿಯಂಥ ತುಣುಕುಗಳು ಸಿಗುತ್ತವೆಯೇ ಹೊರತು ಇಂಥ ಸುರುಳಿ ಒಂದೂ ಸಿಗುವುದಿಲ್ಲ. ಇದು ಊರಿನಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. 'ಹಳೆಯ ಕಲ್ಲು' ಎಂದು ನಾನು ಬರೆದರೆ ಅದೇ ವೇದವಾಕ್ಯ. ಚಿಪ್ಪು ಎದ್ದು ಬಂದು ಸಾಕ್ಷಿ ಹೇಳುವುದಿಲ್ಲವಲ್ಲ.

ಮರುದಿನ ಅಣ್ಣನ ಮನೆಗೆ ಹೋದೆ. ಅತ್ತಿಗೆ ಬಾಗಿಲಲ್ಲೇ, "ನಿನ್ನೆಯಿಂದ ಊಟ ಬಿಟ್ಟಿದ್ದಾರೆ, ನೀನಾದ್ರೂ ಹೇಳು" ಅಂದರು. ಅಣ್ಣ ಹಿತ್ತಲಲ್ಲಿ ಕೂತು ಉಳಿ ಮಸೆಯುತ್ತಿದ್ದ. ಎಪ್ಪತ್ತು ಸಮೀಪಿಸಿದ್ದರೂ ಬೆನ್ನು ಬಾಗಿಲ್ಲ. ತಲೆಯೆತ್ತದೆ ಕೇಳಿದ, "ಎಲ್ಲಿ ಬಿರೀತು?"

"ಜೇಡಿ ಪದರದಲ್ಲಿ."

"ಹೂಂ." ಉಳಿಯನ್ನು ತಿರುಗಿಸಿ ಇನ್ನೊಂದು ಮಗ್ಗುಲು ಮಸೆದ. "ಆಯಮ್ಮನಿಗೆ ಮಕ್ಕಳು?"

"ಒಬ್ಬಳು ಮಗಳು."

ಇಂಜಿನಿಯರ್ ಅಂದದ್ದನ್ನು ಹೇಳಿದೆ. ಗುರುತಿಲ್ಲದ್ದರಿಂದ ಅಣ್ಣನ ಮೇಲೆ ಅನುಮಾನವೇ ಇಲ್ಲ, ನಾನು ಹಳೆಯದು ಎಂದು ಬರೆದರೆ ಎಲ್ಲ ಮುಗಿಯುತ್ತದೆ ಅಂದೆ. ಮಾತಾಡುತ್ತಾ ಆಡುತ್ತಾ ನನ್ನ ದನಿ ನನಗೇ ಕಚೇರಿಯವರ ದನಿಯ ಹಾಗೆ ಕೇಳಿಸಿತು.

"ಹಳೇದು ಅಂದ್ರೆ ಯಾರ ತಲೆಗೆ ಕಟ್ದ ಹಾಗಾಯ್ತು?" ಅಣ್ಣ ಕೇಳಿದ.

"ಯಾರ ತಲೆಗೂ ಇಲ್ಲ. ಕಾಲದ ತಲೆಗೆ."

"ಕಾಲ ಕಲ್ಲು ಕೂರಿಸುತ್ತಾ? ಆ ಕಟ್ಟಡ ಕಟ್ಟಿದ ಮೇಸ್ತ್ರಿಗಳು ಒಂದೇ ಒಂದು ಕಲ್ಲನ್ನೂ ಎಬ್ಬಿಸಿ ನಿಲ್ಲಿಸಿಲ್ಲ. ನಾನು ಕೈಯಾರೆ ಬಿಚ್ಚಿ ನೋಡಿದ್ದೀನಿ. ಸತ್ತೋರ ಮೇಲೆ ಗೂಬೆ ಕೂರಿಸ್ತೀಯಾ?"

"ಹಾಗಾದ್ರೆ ನಾನೇ ಹಠ ಮಾಡಿ ಇಡಿಸಿದೆ ಅಂತ ಬರೀತೀನಿ" ಅಂದೆ.

ಇದನ್ನು ಜೋರಾಗಿಯೇ ಅಂದೆ. ಅಂದು, ಕಾದೆ. ಬೇಡ ಮರಿ, ನಿನ್ನ ಕೆಲಸ ಹೋಗುತ್ತೆ, ಹೆಸರು ಹೋಗುತ್ತೆ, ಬೇಡ ಅನ್ನಲಿ ಎಂದು ಕಾದೆ. ಇದನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ಹೇಸಿಗೆಯಾಗುತ್ತದೆ, ಆದರೆ ನಿಜ. ಅಣ್ಣ ಬೇಡ ಅನ್ನಲಿಲ್ಲ, ಬರಿ ಅಂತಲೂ ಅನ್ನಲಿಲ್ಲ. ನನ್ನ ಮುಖವನ್ನು, ಕಲ್ಲು ನೋಡುತ್ತಾನಲ್ಲ ಹಾಗೆ, ಸ್ವಲ್ಪ ಓರೆಯಾಗಿ ನೋಡಿದ. ಅವನಿಗೆ ಪದರ ತಿಳಿಯುತ್ತದೆ.

"ಊಟ ಮಾಡ್ಕೊಂಡು ಹೋಗು" ಅಂದ.

ನಾನು ಊಟ ಮಾಡದೆ ಬಂದೆ.

ಮೂರನೆಯ ದಿನ ಬೀಗದಕ್ಕನ ಮಗಳು ಕಚೇರಿಗೆ ಬಂದಳು. ಇಪ್ಪತ್ತರ ಆಸುಪಾಸು, ಅಮ್ಮನದೇ ಗಲ್ಲ. ಒಂದು ಪ್ಲಾಸ್ಟಿಕ್ ಚೀಲದಿಂದ ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟು ಬಿಡಿಸಿದಳು. ಹೆಬ್ಬೆರಳಿನಷ್ಟು ಕಲ್ಲಿನ ಚೂರು, ಒಂದು ಬದಿಯಲ್ಲಿ ಬಾಗಿದ ಏಣುಗಳು.

"ಆಸ್ಪತ್ರೆಯೋರು ಕೊಟ್ರು. ಅಮ್ಮನ ಬಟ್ಟೇಲಿತ್ತಂತೆ. ಇದು ಆ ಹುಳದ್ದೇನಾ?"

ಮಸೂರ ಬೇಕಿರಲಿಲ್ಲ. ಸುರುಳಿಯ ಹೊರಸುತ್ತಿನದು, ಬಾಯಿಯ ಹತ್ತಿರದ ತುಣುಕು. "ಹೌದು" ಅಂದೆ.

"ಅಮ್ಮ ದಿನಾ ಹೇಳ್ತಿದ್ಳು. ಚಿಪ್ಪಮ್ಮ ಬರ್ತಾರೆ, ಹುಳಕ್ಕೆ ಸ್ನಾನ ಮಾಡಿಸ್ಬೇಕು ಅಂತ. ಮನೇಲಿ ನಮಗೆ ಸ್ನಾನಕ್ಕೆ ನೀರಿರ್ತಿರ್ಲಿಲ್ಲ, ಹುಳಕ್ಕೆ ತಪ್ಪಿಸ್ತಿರ್ಲಿಲ್ಲ." ಅವಳು ನಗಲು ನೋಡಿದಳು, ಆಗಲಿಲ್ಲ. "ಇಂಜಿನಿಯರ್ ಸಾಹೇಬ್ರು ದೇವರಿಚ್ಛೆ ಅಂದ್ರು. ಹಳೇ ಕಟ್ಟಡ ಹಾಗೇ ಅಂದ್ರು. ನೀವು ಓದಿದೋರು. ನೀವು ಹೇಳಿದ್ರೆ ನಂಬ್ತೀನಿ. ಯಾರದೂ ತಪ್ಪಿಲ್ವಾ?"

ನನ್ನ ಬಾಯಿಯಲ್ಲಿ ಉತ್ತರ ಇತ್ತು. ಅದನ್ನು ಉಗುಳಿದ್ದರೆ ಆವತ್ತು ಸಂಜೆಯೊಳಗೆ ಎಲ್ಲ ಬೇರೆ ದಾರಿ ಹಿಡಿಯುತ್ತಿತ್ತು. "ವರದಿ ಬರಲಿ, ತಾಯಿ" ಅಂದೆ. ಮೂವತ್ತು ವರ್ಷ ಸರ್ಕಾರದ ಅನ್ನ ತಿಂದ ನಾಲಿಗೆ.

ಅವಳು ಚೂರನ್ನು ಮತ್ತೆ ಸುತ್ತಿಕೊಂಡು ಹೊರಟಳು. ಬಾಗಿಲ ಹತ್ತಿರ ನಿಂತು, ಇದನ್ನು ಇಟ್ಟುಕೊಳ್ಳಬಹುದಾ, ಸರ್ಕಾರದ್ದಾ ಎಂದು ಕೇಳಿದಳು. ಇಟ್ಟುಕೋ ಅಂದೆ.

ಆಮೇಲೆ ಬರೆಯಲು ಕೂತೆ. ಮೊದಲು ಬರೆದದ್ದು, 'ಸದರಿ ಕಲ್ಲನ್ನು ಪದರಗಳು ಲಂಬವಾಗುವಂತೆ ಅಳವಡಿಸಲಾಗಿತ್ತು' ಎಂದು. ಅಳವಡಿಸಲಾಗಿತ್ತು! ಯಾರಿಂದ ಎಂದು ಹೇಳದೆ ಎಷ್ಟು ಚೆನ್ನಾಗಿ ಬರೆಯುತ್ತೇವೆ ನಾವು. ಹರಿದು ಹಾಕಿದೆ. ಮತ್ತೆ ಬರೆದೆ: ಕಲ್ಲು ಹೊಸ ಗಣಿಯದು. ಮೇಸ್ತ್ರಿ ಬೇಡವೆಂದರೂ, ಚಿಪ್ಪು ಚಂದ ಕಾಣಲಿ ಎಂದು ಅದನ್ನು ಎಬ್ಬಿಸಿ ನಿಲ್ಲಿಸುವಂತೆ ಪರೀಕ್ಷಕಿಯಾದ ನಾನು ಒತ್ತಾಯ ಮಾಡಿದೆ. ದಿನವೂ ನೀರಿನಿಂದ ಒರೆಸುವಂತೆ ಹೇಳಿದವಳೂ ನಾನೇ. ಸತ್ತವಳಿಗೆ ಇದ್ಯಾವುದೂ ತಿಳಿದಿರಲಿಲ್ಲ. ಕೆಳಗೆ ಹೆಸರು ಬರೆದು ಸಹಿ ಹಾಕಿದೆ. ಅಷ್ಟು ಬರೆಯಲು ಒಂದು ಪುಟ ಸಾಕಾಯಿತು. ಅದಕ್ಕೆ ಮೂರು ದಿನ ತೆಗೆದುಕೊಂಡಿದ್ದೆ.

ನಾಲ್ಕನೆಯ ದಿನ ಹನ್ನೊಂದು ಗಂಟೆಗೆ ಅದನ್ನು ಇಂಜಿನಿಯರಿನ ಮೇಜಿನ ಮೇಲಿಟ್ಟೆ. ಅವನು ಓದಿದ, ಕನ್ನಡಕ ತೆಗೆದ, ಕಣ್ಣು ಉಜ್ಜಿಕೊಂಡ.

"ಅಣ್ಣ ತಂಗಿ ಇಬ್ಬರೂ ಸೇರಿ ನನ್ನ ಪ್ರಾಣ ತಿಂತೀರಲ್ಲ" ಅಂದ. ಕಡತದಿಂದ ಒಂದು ಹಾಳೆ ತೆಗೆದು ನನ್ನ ಕಡೆ ತಳ್ಳಿದ.

ಅಣ್ಣನ ಅಕ್ಷರ. ಏಳನೆಯ ತರಗತಿಯ ದಪ್ಪ, ದುಂಡು ಅಕ್ಷರ, ಕಲ್ಲಿಗೆ ಕೆತ್ತಿದ ಹಾಗೆ ಒಂದೊಂದೂ ಬಿಡಿಬಿಡಿ.

'ಆ ಕಲ್ಲು ಇಟ್ಟವನು ನಾನೇ. ಕಲ್ಲಿನ ನೆತ್ತಿ ಯಾವುದು ತಳ ಯಾವುದು ಎಂದು ನನಗೆ ತಿಳಿಯಲಿಲ್ಲ. ನನಗೆ ಯಾರೂ ಹೇಳಿ ಮಾಡಿಸಿದ್ದಲ್ಲ.'

ಮೂರೇ ಸಾಲು. ನಾನು ಎರಡನೆಯ ಸಾಲನ್ನು ದಾಟಲಾರದೆ ಹೋದೆ. ನಲವತ್ತು ಅಡಿ ದೂರದಿಂದ ಗಾಡಿಯ ಮೇಲಿನ ಕಲ್ಲು ನೋಡಿ, ಅದು ತಲೆಕೆಳಗಾಗಿದೆ, ತಿರುಗಿಸಿ ಎಂದು ಕೂಗುತ್ತಿದ್ದವನು. ಅವನ ಹತ್ತಿರ ಇದ್ದದ್ದೇ ಅದೊಂದು ಆಸ್ತಿ.

"ಬೆಳಗ್ಗೆ ಒಂಬತ್ತಕ್ಕೇ ಬಂದ್ರು" ಇಂಜಿನಿಯರ್ ಹೇಳಿದ. "ನಾನು ಎಷ್ಟು ಹೇಳ್ದೆ, ಯಜಮಾನ್ರೇ, ಅದರ ಮೇಲೆ ನಿಮ್ಮ ಗುರುತೇ ಇಲ್ಲ, ಸುಮ್ನೆ ಯಾಕೆ ಮೈಮೇಲೆ ಎಳ್ಕೋತೀರಿ, ಮನೆಗೆ ಹೋಗಿ ಅಂತ. ಕೇಳ್ಬೇಕಲ್ಲ. ಶೆಡ್ಡು ತೆಗೆಸಿ ಅಂದ್ರು. ತೆಗೆಸಿದೆ. ಹೋಗಿ ಕಲ್ಲಿನ ಮುಂದೆ ಕೂತ್ಕೊಂಡು, ಚೀಲದಿಂದ ಉಳಿ ಸುತ್ತಿಗೆ ತೆಗೆದು, ನನ್ನ ಕಣ್ಣೆದುರೇ ಅವರ ಗುರುತು ಹೊಡೆದ್ರು. ಈಗ ಇದೆ ನೋಡಿ ಸ್ವಾಮಿ ಅಂದ್ರು."

ನನ್ನ ಪುಟವನ್ನು ಅಣ್ಣನ ಹಾಳೆಯ ಮೇಲೆ ತಳ್ಳಿದೆ.

"ನನ್ನ ವರದಿ ಇದೆಯಲ್ಲ" ಅಂದೆ. "ಅದನ್ನ ಓದಿದ್ರಲ್ಲ. ಅದೇ ನಿಜ."

"ಮೇಡಂ." ಅವನ ದನಿ ಮೆತ್ತಗಿತ್ತು. "ಇದನ್ನ ಯಾರು ನಂಬ್ತಾರೆ? ಅಣ್ಣ ಒಪ್ಕೊಂಡ ಮೇಲೆ ತಂಗಿ ಬಂದು ನಂದು ತಪ್ಪು ಅಂತಾಳೆ. ಅದೂ ನಾಲ್ಕನೇ ದಿನ. ನಿಮ್ಮ ಮಾತಿಗೆ ಒಂದು ಸಾಕ್ಷಿ, ಒಂದು ಚೀಟಿ, ಏನಾದ್ರೂ ಇದೆಯಾ? ಮೊದಲನೇ ದಿನವೇ ಹೇಳಿದ್ರೆ ಬೇರೆ ಮಾತು. ಮತ್ತೆ ಕಚೇರಿಯೋರೇ ಹೀಗೆ ಇಡ್ಸಿದ್ರು ಅಂದ್ರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತೆ ಗೊತ್ತಾ?" ನನ್ನ ಪುಟವನ್ನು ಮಡಿಚಿ ನನ್ನ ಕೈಗೇ ವಾಪಸು ಕೊಟ್ಟ. "ಕಲ್ಲು ಹೊಸದು ಅಂತ ಎರಡು ಸಾಲು ಬರೆದುಕೊಡಿ. ಅಷ್ಟು ಸಾಕು."

ಕೂಗಾಡಿದೆ. ಮೇಜು ಗುದ್ದಿದೆ. ನನ್ನ ಕೋಪ ಈ ಕಚೇರಿಗೆ ಹೊಸದಲ್ಲ, ಗುಮಾಸ್ತರು ತಲೆ ಎತ್ತಿ ಮತ್ತೆ ತಗ್ಗಿಸಿದರು. ಆ ಪುಟವನ್ನು ಮೇಲಧಿಕಾರಿಗೆ ಅಂಚೆಯಲ್ಲಿ ಕಳಿಸಿದೆ. ಪೊಲೀಸ್ ಠಾಣೆಗೆ ಹೇಳಿಕೆ ಕೊಡಲು ಹೋದೆ. ಅಲ್ಲಿ ಬರೆದುಕೊಳ್ಳುವವನು, "ರಕ್ತ ಸಂಬಂಧ ಅಲ್ವಾ ಅಮ್ಮಾ, ಅರ್ಥ ಆಗುತ್ತೆ" ಎಂದು ಕನಿಕರದಿಂದ ಚಹಾ ತರಿಸಿದ. ಬೀಗದಕ್ಕನ ಮನೆ ಹುಡುಕಿಕೊಂಡು ಹೋಗಿ ಮಗಳಿಗೆ ಎಲ್ಲ ಹೇಳಿದೆ. ಒಂದೇ ಕೋಣೆ, ಗೋಡೆಯ ಮೊಳೆಗೆ ಬೀಗದ ಕೈಗಳಿಲ್ಲದ ಖಾಲಿ ಬಳೆ ನೇತಾಡುತ್ತಿತ್ತು. ಅವಳು ಪೂರ್ತಿ ಕೇಳಿಸಿಕೊಂಡಳು. "ಅವತ್ತು ಕೇಳ್ದಾಗ ವರದಿ ಬರಲಿ ಅಂದ್ರಿ" ಅಂದಳು. "ಈಗ ನಿಮ್ಮಣ್ಣ ಸಿಕ್ಕಿಹಾಕ್ಕೊಂಡ ಮೇಲೆ ಹೀಗಂತೀರಿ. ಹೋಗಿ ಅಮ್ಮಾ." ಬಾಗಿಲು ಹಾಕಿದಳು. ಬಡಿಯಲಿಲ್ಲ, ಮೆಲ್ಲಗೆ ಹಾಕಿದಳು.

ಶೆಡ್ಡಿಗೂ ಹೋಗಿ ನೋಡಿದೆ. ಕಲ್ಲಿನ ಮಗ್ಗುಲಲ್ಲಿ ಮೂರು ಗೀರು. ಹಳೆಯ ಬೂದಿ ಬಣ್ಣದ ನಡುವೆ ಬೆಳ್ಳಗೆ, ಆಗತಾನೆ ಕೆತ್ತಿದ ಕಲ್ಲಿನ ಬಿಳುಪು. ಕೆಳಗೆ ಹಿಟ್ಟಿನಂಥ ಪುಡಿ ಇನ್ನೂ ಹಾಗೇ ಇತ್ತು. ಗೀರುಗಳು ನೆಟ್ಟಗಿದ್ದವು. ಹನ್ನೊಂದು ವರ್ಷ ತನ್ನದಲ್ಲ ಎಂದು ಬಿಟ್ಟಿದ್ದ ಕಲ್ಲು ಈಗ ಅವನದಾಗಿತ್ತು. ಅಲ್ಲೇ ನೆಲದ ಮೇಲೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಅಣ್ಣನ ಮೇಲೆ ಕೇಸಾಯಿತು. ಹದಿನೇಳು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದ. ಕಚೇರಿಯ ಮೇಸ್ತ್ರಿಗಳ ಪಟ್ಟಿಯಿಂದ ಅವನ ಹೆಸರು ಹೊಡೆದರು. ತನ್ನ ಕೈಕೆಳಗೆ ಕಲಿತವರು ದಾರಿಯಲ್ಲಿ ಕಂಡರೆ ಆ ಕಡೆ ಈ ಕಡೆ ನೋಡುತ್ತಾರಂತೆ, ಅತ್ತಿಗೆ ಹೇಳಿದರು. ಕೇಸು ಇನ್ನೂ ನಡೆಯುತ್ತಿದೆ. ನಾನು ರಾಜೀನಾಮೆ ಕೊಟ್ಟೆ. ಬೀಳ್ಕೊಡುಗೆಯಲ್ಲಿ ಆ ಕಿರುಹೊತ್ತಿಗೆಯ ಮುಖಪುಟವನ್ನೇ ಚೌಕಟ್ಟು ಹಾಕಿಸಿ ಕೊಟ್ಟರು. ದೇವರಾಣೆಗೂ ಕುಚೋದ್ಯಕ್ಕಲ್ಲ, ಪ್ರೀತಿಗೇ ಕೊಟ್ಟರು.

ಅಣ್ಣ ನನ್ನೊಂದಿಗೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿರುತ್ತಿತ್ತು. ಹೋದರೆ ಬಾ ಅನ್ನುತ್ತಾನೆ, ಊಟ ಮಾಡು ಅನ್ನುತ್ತಾನೆ. ಆ ವಿಷಯ ಎತ್ತಿದರೆ, "ಮುಗೀತಲ್ಲ ಮರಿ" ಅನ್ನುತ್ತಾನೆ. ಉಳಿಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದಾನೆ.

ಕಳೆದ ತಿಂಗಳು ಹೋದಾಗ ಅವನು ಮನೆಯ ಮುಂದಿನ ಜಗಲಿಯಲ್ಲಿ ಕೂತಿದ್ದ. ಎದುರು ಮನೆಯವನು ಅಂಗಳದ ಗೋಡೆ ಕಟ್ಟಿಸುತ್ತಿದ್ದ. ಗಣಿಯಿಂದ ಬಂದ ಕಲ್ಲುಗಳು ರಸ್ತೆಬದಿಯಲ್ಲಿ ಬಿದ್ದಿದ್ದವು. ಅವನು ಹೊಸಬ, ಕೇಸಿನ ಸುದ್ದಿ ತಿಳಿಯದವನು. ಯಾರೋ ಇವರು ದೊಡ್ಡ ಮೇಸ್ತ್ರಿ ಎಂದು ಹೇಳಿರಬೇಕು. ಒಂದು ಕಲ್ಲಿನ ಮೇಲೆ ಕಾಲಿಟ್ಟುಕೊಂಡು ಅಲ್ಲಿಂದಲೇ ಕೂಗಿದ.

"ಮೇಸ್ತ್ರಿಗಳೇ, ಇದರಲ್ಲಿ ಒಳ್ಳೇ ಚಿಪ್ಪಿನ ಗುರುತಿದೆ ನೋಡಿ! ಈ ಮುಖ ಹೊರಗೆ ಮಾಡಿ ಇಟ್ರೆ ಚೆನ್ನಾಗಿ ಕಾಣುತ್ತೆ ಅಲ್ವಾ?"

ಅಣ್ಣನ ಕಣ್ಣು ಆಗಲೇ ಆ ಕಲ್ಲನ್ನು ಓದಿ ಮುಗಿಸಿತ್ತು, ನನಗೆ ಗೊತ್ತಾಯಿತು. ಅವನ ಬಲಗೈ ಮಂಡಿಯ ಮೇಲಿಂದ ಒಂದಿಷ್ಟು ಮೇಲೆದ್ದು ಮತ್ತೆ ಮಂಡಿಯ ಮೇಲೆಯೇ ಕೂತಿತು.

"ನನ್ನನ್ನ ಕೇಳ್ಬೇಡಪ್ಪ" ಅಂದ. "ನನಗೆ ಕಲ್ಲಿನ ನೆತ್ತಿ ತಳ ತಿಳಿಯಲ್ಲ ಅಂತ ಬರೆದುಕೊಟ್ಟಿದ್ದೀನಿ. ಇವಳು ನನ್ನ ತಂಗಿ. ಇವಳನ್ನ ಕೇಳು."

ಎದುರು ಮನೆಯವನು ನನ್ನ ಕಡೆ ತಿರುಗಿದ. ಅಣ್ಣ ನನ್ನನ್ನು ನೋಡಲಿಲ್ಲ, ರಸ್ತೆ ನೋಡುತ್ತಾ ಕಾಯುತ್ತಿದ್ದ.

"ಬೇಡ" ಅಂದೆ. "ಮಲಗಿಸಿ ಇಡಿ."

"ಮಲಗಿಸಿದ್ರೆ ಚಿಪ್ಪು ಕಾಣಲ್ವಲ್ಲ ಮೇಡಂ?"

"ಕಾಣೋದು ಬೇಡ" ಅಂದೆ.